ಅಧ್ಯಕ್ಷರ ಪಕ್ಕದ ಕುರ್ಚಿ

ದೊಡ್ಡ ದೇಶಗಳ ಅಧ್ಯಕ್ಷರಿಗೆ ಒಬ್ಬ ಮುಖ್ಯ ಆಪ್ತಾಧಿಕಾರಿ ಇರುತ್ತಾನಂತೆ. ಯಾರು ಒಳಗೆ ಹೋಗಬೇಕು, ಯಾರು ಬಾಗಿಲಲ್ಲೇ ಕಾಯಬೇಕು, ಯಾವ ಸುದ್ದಿ ಬೆಳಿಗ್ಗೆ ಹೇಳಬೇಕು, ಯಾವುದು ಊಟವಾದ ಮೇಲೆ, ಎಲ್ಲ ಅವನದೇ ತೀರ್ಮಾನ. ನಮ್ಮ ಕಡೆಯ ಒಂದು ಪುರಸಭೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಕಾಗದದಲ್ಲಿ ನಾನು ಬರೀ ಗುಮಾಸ್ತೆ. ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಧ್ಯಕ್ಷರ ಕೋಣೆಯ ಬಾಗಿಲಿಗೆ ಒತ್ತಿ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ಇಬ್ಬರು ಮೂವರು ಜಗಳಕ್ಕೆ ಬರುತ್ತಾರೆ.

ನಮ್ಮದು ಹಂಪಿ ಕಡೆಯ ಅರ್ಚಕರ ಮನೆತನ. ಹೊರಗೆ ಕಾಯುವವರು ನನಗೆ ಕೇಳುವ ಹಾಗೆಯೇ "ದೇವರು ವರ ಕೊಟ್ಟರೂ ಪೂಜಾರಿ ಕೊಡಂಗಿಲ್ಲ" ಅನ್ನುತ್ತಿದ್ದರು. ಅನ್ನಲಿ. ನಾನೂ ನಕ್ಕು ಅವರ ಅರ್ಜಿ ಇಸಿದುಕೊಳ್ಳುತ್ತಿದ್ದೆ. ಅವರಿಂದ ನನಗೆ ತೊಂದರೆಯೇ ಇರಲಿಲ್ಲ. ತೊಂದರೆಯೆಲ್ಲ ಕಾಯದೇ ಒಳಗೆ ಹೋಗುವ ಒಬ್ಬರಿಂದ, ಅಂದರೆ ಅಧ್ಯಕ್ಷರ ಗಂಡನಿಂದ.

ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಗಂಡ ಯಶವಂತನಗರದ ಕಡೆ ಅದಿರು ಸಾಗಿಸುವ ಲಾರಿಗಳ ಮಾಲೀಕ. ನಾಲ್ಕು ಜನಕ್ಕೆ ಬೇಕಾದವರು. ಹೆಂಡತಿ ಅದುವರೆಗೆ ಸಂಡೂರು ರಸ್ತೆಯಲ್ಲಿ ಲಾರಿ ಡ್ರೈವರುಗಳಿಗೆ ಖಾನಾವಳಿ ನಡೆಸುತ್ತಿದ್ದವರು. ಗೆದ್ದದ್ದು ಅವರು, ಕಚೇರಿ ಪೂಜೆಯ ದಿನ ಮೊದಲ ಹಾರ ಬಿದ್ದದ್ದು ಗಂಡನ ಕೊರಳಿಗೆ. ನಮ್ಮಲ್ಲಿ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲೇ ಅಷ್ಟೇ ಎತ್ತರದ ಇನ್ನೊಂದು ಕುರ್ಚಿ ಬಂತು. ಬಂದವರು ಆ ಕುರ್ಚಿಗೆ ಕೈಮುಗಿದು, ಆ ಕುರ್ಚಿಯ ಜೊತೆ ಮಾತಾಡಿ ಎದ್ದು ಹೋಗುತ್ತಿದ್ದರು. ಅಧ್ಯಕ್ಷರು ಸೆರಗು ಸರಿಮಾಡಿಕೊಳ್ಳುತ್ತಾ ಚಹಾ ಹೇಳುತ್ತಿದ್ದರು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅಧ್ಯಕ್ಷರೇ ಮಾತು ತೆಗೆದರು. ಬಸ್ ನಿಲ್ದಾಣದ ಎದುರು ಕಾಯಿಪಲ್ಲೆ ಮಾರುವ ಹೆಂಗಸರನ್ನು ಎಬ್ಬಿಸಿ ಬೈಪಾಸ್ ಹತ್ತಿರ ಕಳಿಸಬೇಕೆಂಬ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರುವುದಿತ್ತು. ಗಂಡ ಯಾರಿಗೋ ಆಗಲೇ ಮಾತು ಕೊಟ್ಟಾಗಿತ್ತು.

"ಅಲ್ಲಿಗೆ ಯಾರು ಹೊಕ್ಕಾರ್ರಿ ಅಕ್ಕಾರ? ಬಸ್ ಇಳಿದಾರು ಕೊಂಡರಷ್ಟ ಅವರ ಬದುಕು. ನನ್ನ ಖಾನಾವಳಿಗೆ ಅವರ ಪಲ್ಲೇನ ಬರತಿತ್ತು. ಅವರನ್ನ ಎಬ್ಬಿಸಬಾರದ್ರಿ."

"ಸಭಾದಾಗ ಹಿಂಗ ಹೇಳ್ರಿ ಮತ್ತ."

"ನನಗ ಮಾತಾಡಾಕ ಬರಂಗಿಲ್ರಿ. ಅವರು ಪಕ್ಕದಾಗ ಕುಂತ್ರ ನಾಲಗಿನ ಏಳಂಗಿಲ್ಲ."

ಅಂದೇ ನಿರ್ಧಾರ ಮಾಡಿದೆ. ಈ ಹೆಂಗಸು ಆ ಸಭೆಯಲ್ಲಿ ತನ್ನ ಬಾಯಿಂದಲೇ ಮಾತಾಡಬೇಕು. ಇದೊಂದು ಆಗದಿದ್ದರೆ ನಾನು ಬಾಗಿಲ ಬಳಿ ಕೂತು ಏನು ಕಡಿದು ಕಟ್ಟೆ ಹಾಕಿದಂತಾಯಿತು?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರುದಿನ ಬೇಗ ಹೋಗಿ ಜವಾನನಿಗೆ ಹೇಳಿ ಪಕ್ಕದ ಕುರ್ಚಿಯನ್ನು ಹಿಂದಿನ ಉಗ್ರಾಣಕ್ಕೆ ಹಾಕಿಸಿದೆ. ಗಂಡ ಬಂದವರು ಒಳಗೆ ಹೋಗಿ, ಒಂದು ಗಳಿಗೆ ನಿಂತು, ಹೊರಗೆ ಬಂದರು.

"ಮೇಡಂ, ಕುರ್ಚಿ ಎಲ್ಲೈತ್ರಿ?"

"ಕಾಲು ಅಲ್ಲಾಡ್ಲಿಕತ್ತಿತ್ರಿ. ರಿಪೇರಿಗೆ ಹೋಗ್ಯದ."

"ಜಲ್ದಿ ತರಸ್ರಿ."

"ತರಸ್ತೀನ್ರಿ. ಅಲ್ಲೀತನಕ ಇಲ್ಲಿ ಕುಂದ್ರಿ, ಚಹಾ ಹೇಳ್ತೀನಿ."

ಒಳಗೆ ಅಧ್ಯಕ್ಷರ ಎದುರಿಗೆ ಕುರ್ಚಿಗಳೇನೋ ಇದ್ದವು. ಆದರೆ ಅರ್ಜಿದಾರರ ಸಾಲಿನಲ್ಲಿ ಕೂರಲು ಯಾವ ಗಂಡನ ಮರ್ಯಾದೆ ಒಪ್ಪೀತು? ನನ್ನ ಮೇಜಿನೆದುರಿನ ಸೋಫಾದಲ್ಲೇ ಕೂತರು. ನಮ್ಮ ಕಡೆ ರಿಪೇರಿಗೆ ಹೋದ ವಸ್ತು ಬೇಗ ಬರುವುದಿಲ್ಲ, ಅದು ಅವರಿಗೂ ಗೊತ್ತು. ಒಂದು ದಿನ ತಾವಾಗಿಯೇ ಅಂದರು: "ನೀವು ತಿಳ್ಕೊಂಡಂಗ ಅಲ್ರಿ ಮೇಡಂ. ಆಕಿ ನಾಕ್ ಮಂದ್ಯಾಗ ತಡವರಿಸಿದ್ರ ಊರಮಂದಿ ನಗ್ತಾರ. ಅದು ನನ್ನ ಕಣ್ಣಿಂದ ನೋಡಾಕ ಆಗಂಗಿಲ್ಲ." ಮನುಷ್ಯ ಕೆಟ್ಟವನಲ್ಲ ಎಂದು ಆಗ ಅನ್ನಿಸಿತು. ಆದರೂ ಕುರ್ಚಿ ತರಿಸಲಿಲ್ಲ.

ಬಾಗಿಲು ಹಾಕಿಕೊಂಡು ಒಳಗೆ ಅಧ್ಯಕ್ಷರೂ ನಾನೂ ಸಭೆಯ ಅಭ್ಯಾಸ ಶುರುಮಾಡಿದೆವು. ನಾನೇ ಜಗಳಗಂಟ ಸದಸ್ಯನಾಗಿ ಮೇಜು ಗುದ್ದುತ್ತಿದ್ದೆ, ನಾನೇ ಮುಖ್ಯಾಧಿಕಾರಿಯಾಗಿ ನಿಯಮ ಓದುತ್ತಿದ್ದೆ. ಅವರು ಮೊದಮೊದಲು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆಮೇಲೆ ಒಂದು ದಿನ ನನಗೇ ತಿರುಗಿಬಿದ್ದು, "ಮೊದಲು ಕುಂದ್ರಿ, ಆಮ್ಯಾಲ ಮಾತಾಡ್ರಿ" ಎಂದು ಗದರಿದರು. ಉಣ್ಣುವಾಗ ಗಲಾಟೆ ಮಾಡುವ ಡ್ರೈವರುಗಳಿಗೂ ಹೀಗೇ ಅನ್ನುತ್ತಿದ್ದರಂತೆ. ಸಭೆಗೆಂದು ನಾನೊಂದು ಒಳ್ಳೆಯ ಭಾಷಣವನ್ನೂ ಬರೆದುಕೊಟ್ಟೆ. ಗ್ರಾಂಥಿಕ ಕನ್ನಡ, ಅಲ್ಲಲ್ಲಿ 'ಶ್ರಮಜೀವಿ', 'ಸಬಲೀಕರಣ'. ಬರೆದವಳಿಗೆ ಅದು ಬಲು ಇಷ್ಟವಾಗಿತ್ತು.

ಸಭೆಯ ದಿನ ಗಂಡನನ್ನು ಹೊರಗಿನ ಸೋಫಾದಲ್ಲಿ ಕೂರಿಸಿ ನಾನು ಸಭಾಂಗಣದೊಳಗೆ ಹೋಗಿ ಅಧ್ಯಕ್ಷರ ಬೆನ್ನಿಗೆ ನಿಂತೆ. ಅವರು ಭಾಷಣದ ಮೊದಲ ಸಾಲು ಓದಿದರು, ಎರಡನೆಯದರಲ್ಲಿ ತಡವರಿಸಿದರು. ಯಾರೋ ಕಿಸಕ್ಕೆಂದರು. ಹಿರಿಯ ಸದಸ್ಯರೊಬ್ಬರು ಎದ್ದು, "ನಿಮ್ಮ ಯಜಮಾನ್ರನ್ನ ಕರೀರಿ, ಅವರೇ ಹೇಳ್ಲಿ" ಅಂದರು. ನಾನು ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಮುಂದಿನ ಮಾತು ಹೇಳಿಕೊಟ್ಟೆ. ಅವರು ಅದನ್ನು ಆಡಲಿಲ್ಲ. ಇನ್ನೊಮ್ಮೆ ಹೇಳಿಕೊಟ್ಟೆ.

ಅಧ್ಯಕ್ಷರು ಭಾಷಣದ ಹಾಳೆ ಮಡಚಿ ನನ್ನ ಕೈಗಿಟ್ಟರು.

"ಅಕ್ಕಾರ, ನೀವೂ ಹೊರಗ ಹೋಗಿ ಕುಂದ್ರಿ. ನಾ ಮಾತಾಡ್ತೀನಿ."

ಅಷ್ಟು ಜನರ ಮುಂದೆ. ಕಿವಿ ಕಾದುಹೋಯಿತು. ಹಾಳೆ ಹಿಡಿದುಕೊಂಡು ಹೊರಗೆ ಬಂದು ಗಂಡನ ಪಕ್ಕ ಕೂತೆ. ಅವರು ನನ್ನ ಮುಖ ನೋಡಿದರು, ಕೈಯ ಹಾಳೆ ನೋಡಿದರು.

ಒಳಗಿನಿಂದ ಧ್ವನಿ ಬಂತು, ಖಾನಾವಳಿಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥ ಧ್ವನಿ. "ನೀವು ಮೊದಲು ಕುಂದ್ರಿ. ನನ್ನ ಯಜಮಾನ್ರು ಈ ಸಭಾದ ಮೆಂಬರ್ ಅಲ್ಲ. ಪಲ್ಲೆ ಮಾರಾರು ಇದ್ದಲ್ಲೇ ಇರ್ತಾರ. ಮ್ಯಾಲ ನೆರಳು ಹಾಕ್ಸೂಣು, ಕುಡಿಯಾಕ ನೀರು ಕೊಡೂಣು. ಬ್ಯಾಡ ಅನ್ನಾರು ಕೈ ಎತ್ರಿ, ನಿಮ್ಮ ಮಾರಿ ಅವರಿಗೂ ಗೊತ್ತಾಗ್ಲಿ."

ಗಂಡ ಎದ್ದು ಬಾಗಿಲ ಸಂದಿಯಿಂದ ಇಣುಕಿದರು. ತಾವು ಕೊಟ್ಟ ಮಾತು ಮುರಿದು ಬೀಳುವುದನ್ನು ಅಲ್ಲೇ ನಿಂತು ನೋಡಿದರು.

"ಯಾರೂ ಎತ್ತಿಲ್ಲ ಮೇಡಂ," ಅಂದರು. ಅದರಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. ಮತ್ತೆ ಬಂದು ಕೂತು, "ನೀವರೆ ಒಳಗ ಹೋಗ್ರಿ. ಆಕಿಗೆ ಏನರೆ ಬೇಕಾಗ್ತೈತಿ."

"ಕರದ್ರ ಹೋಗ್ತೀನ್ರಿ," ಅಂದೆ.

ಸಭೆ ಮುಗಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು. ಅಧ್ಯಕ್ಷರು ನಮ್ಮಿಬ್ಬರಲ್ಲಿ ಯಾರನ್ನೂ ಕರೆಯಲಿಲ್ಲ.