ಷಡಕ್ಷರಪ್ಪನವರ ಏಸಿ

ಮೂಡಿಗೆರೆಯ ಕಾಫಿ ವ್ಯಾಪಾರಿ ಷಡಕ್ಷರಪ್ಪನವರು ಒಂದು ಬೀಜ ಕಚ್ಚಿದರೆ ಸಾಕು, ಮೂಟೆಯೆಲ್ಲ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ; ಆದರೆ ಬೇಸಿಗೆ ಬಂತೆಂದರೆ, ತಮ್ಮ ಮನೆಯ ಏಸಿ ಯಾಕೆ ತಣ್ಣಗೆ ಮಾಡುತ್ತಿಲ್ಲ ಎಂಬುದು ಮಾತ್ರ ಅವರಿಗೆ ಬಗೆಹರಿಯದು. ಮನೆಗೆ ಬಂದವರೆಲ್ಲ ಅದರ ಬಾಯಿಗೆ ಕೈಯೊಡ್ಡಿ ಅಯ್ಯೋ ಅನ್ನಲೇಬೇಕು. ಷಡಕ್ಷರಪ್ಪನವರು ತಾವೇ ಜಾಲರಿ ತೊಳೆಯುತ್ತಾರೆ, ರಿಮೋಟನ್ನು ಅಂಗೈಗೆ ಕುಟ್ಟುತ್ತಾರೆ, ಹೊರಗಿನ ಪೆಟ್ಟಿಗೆಗೆ ಕಿವಿಯಿಟ್ಟು, ನಾಡಿ ಹಿಡಿದ ಪಂಡಿತರಂತೆ "ಗ್ಯಾಸ್ ಹೋಗಿದೆ" ಎನ್ನುತ್ತಾರೆ. "ಅದನ್ನೂ ಒಂದ್ಸಲ ಕಚ್ಚಿ ನೋಡಿ!" ಎಂದು ಹೆಂಡತಿ ಗಿರಿಜಾಂಬಾ ಅಡುಗೆಮನೆಯಿಂದಲೇ ಕೂಗುತ್ತಾರೆ. ಮೆಕ್ಯಾನಿಕ್ ಹಾಲೇಶ ಬಂದು ಪರದೆ ಸರಿಸಿದರೆ, ಅಡುಗೆಮನೆ ಕಡೆಯ ಕಿಟಕಿ ಗೇಣಗಲ ತೆರೆದಿರುತ್ತದೆ. "ಇದನ್ನ ಮುಚ್ಚಿ ಯಜಮಾನ್ರೇ, ರೂಮು ತಣ್ಣಗಾಗುತ್ತೆ." ಷಡಕ್ಷರಪ್ಪನವರು ದನಿ ತಗ್ಗಿಸುತ್ತಾರೆ: "ನೀನು ಗ್ಯಾಸ್ ನೋಡು ಮಾರಾಯ, ಕಿಟಕಿ ತಂಟೆಗೆ ಹೋಗ್ಬೇಡ. ಮುಚ್ಚಿದ್ರೆ ಇವಳು ಬೈಯೋದು ಕೇಳ್ಸಲ್ಲ, ಮನೇಲಿ ಯಾರೂ ಇಲ್ವೇನೋ ಅನ್ಸುತ್ತೆ."