ನೋಯೆಲೀನ್‌ನ ಕೇಳಿ

ತರಾನಕಿ ಸೀಮೆಯ ಹಾಲಿನ ಸಹಕಾರ ಸಂಘದಲ್ಲಿ ನೋಯೆಲೀನ್ ಬೇಡ ಎಂದದ್ದು ನಡೆದದ್ದಿಲ್ಲ. ಅಧ್ಯಕ್ಷರುಗಳು ಬಂದರು, ಹೋದರು. ಆಕೆ ಮಾತ್ರ ಕಿಟಕಿ ಪಕ್ಕದ ಮೇಜಿಗೆ ಅಂಟಿಕೊಂಡೇ ಇದ್ದಳು.

ಕೆಲಸ ಏನೆಂದು ಹೇಳಿದರೆ ಇಷ್ಟೇನಾ ಅನ್ನುತ್ತೀರಿ. ಟ್ಯಾಂಕರು, ಪರೀಕ್ಷೆಯ ಕೋಣೆ, ಕಾರ್ಖಾನೆ, ಎಲ್ಲ ಕಡೆಯ ಕಂಪ್ಯೂಟರುಗಳೂ ಹಗಲೂ ರಾತ್ರಿ ಒಂದಕ್ಕೊಂದು ಸಂದೇಶ ಕಳಿಸುತ್ತಿರುತ್ತವೆ: ಯಾರ ಹಾಲು, ಎಷ್ಟು ಲೀಟರು, ಕೊಬ್ಬೆಷ್ಟು. ಪ್ರತಿ ಬಗೆಯ ಸಂದೇಶಕ್ಕೂ ಒಂದು ಅಚ್ಚು. ಅಚ್ಚಿಗೆ ಒಗ್ಗದ ಸಂದೇಶವನ್ನು ಯಾವ ಕಂಪ್ಯೂಟರೂ ಮೂಸಿ ನೋಡುವುದಿಲ್ಲ. ಈ ಅಚ್ಚುಗಳನ್ನೆಲ್ಲ ಇಟ್ಟಿರುವ ಜಾಗವೇ ಸ್ಕೀಮಾ ರಿಜಿಸ್ಟ್ರಿ. ಅದರ ಯಜಮಾನಿ ನೋಯೆಲೀನ್. ಪ್ರತಿ ಅಚ್ಚಿನ ಮೇಲೂ ‘ಹೊಣೆ: ನೋಯೆಲೀನ್’ ಎಂದು ಇರಲೇಬೇಕು, ಮತ್ತು ಒಮ್ಮೆ ಅಚ್ಚಿನೊಳಗೆ ಬಂದದ್ದನ್ನು ಆಕೆಯ ಒಪ್ಪಿಗೆಯಿಲ್ಲದೆ ಯಾರೂ ಬದಲಿಸಕೂಡದು. ಎರಡೂ ಆಕೆಯೇ ಮಾಡಿದ ಕಟ್ಟಳೆ.

ತೊಂದರೆಯೆಂದರೆ ಮಧ್ಯಾಹ್ನ. ಕೀಮಾ ತುಂಬಿ ಬೇಯಿಸಿದ ಪೈಗೆ ಬಾಯಿ ಹಾಕುವಷ್ಟರಲ್ಲಿ, ಪ್ರೋಗ್ರಾಮು ಬರೆಯುವ ಮನಾಕಿ ಬಂದು ಎದುರಿಗೆ ನಿಲ್ಲುತ್ತಿದ್ದ.

“ಆಂಟಿ, ಈಗ ಕೆಲವು ರೈತ್ರು ಎರಡೆರಡು ಹಾಲಿನ ತೊಟ್ಟಿ ಇಡ್ತಿದಾರೆ. ಅಚ್ಚಲ್ಲಿ ಒಂದಕ್ಕೇ ಜಾಗ ಇರೋದು. ಬದಲಾಯಿಸ್ಲಾ?”

“ನಮ್ಮಪ್ಪನ ಕಾಲದಿಂದ ಒಂದೇ ತೊಟ್ಟಿ ಸಾಕಾಗಿತ್ತು. ಇವರದೇನು ಹೊಸ ಹಸುವಾ? ಆಗಲ್ಲ, ಹೋಗು.”

ಪೈ ಆರಿ ಕಲ್ಲಾಗುತ್ತಿತ್ತು. ಕೊನೆಗೆ ಬೇಸತ್ತು ಆಕೆ ಒಂದು ಪ್ರೋಗ್ರಾಮು ಬರೆದಳು. ರಿಜಿಸ್ಟ್ರಿಯೊಂದಿಗೆ ಮಾತಾಡಲೆಂದೇ ಸಿದ್ಧವಾಗಿ ಸಿಗುವ ಪ್ರೋಗ್ರಾಮು ತುಣುಕುಗಳ ಲೈಬ್ರರಿ ಇರುವಾಗ ಅದೇನು ಮಹಾ ಕಷ್ಟವಲ್ಲ. ಯಾರೇ ಹೊಸ ಅಚ್ಚು ತಂದರೂ ಆ ಪ್ರೋಗ್ರಾಮು ಹಳೆಯದನ್ನು ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿತ್ತು. ಕಟ್ಟಳೆ ಮೀರದಿದ್ದರೆ ತಾನೇ ದಾಖಲು ಮಾಡುತ್ತಿತ್ತು. ಮೀರಿದ್ದಕ್ಕೂ, ಅಚ್ಚಿಗೆ ಒಗ್ಗದೆ ಬಂದ ಸಂದೇಶಕ್ಕೂ ಒಂದೇ ಉತ್ತರ: ‘ಆಗಲ್ಲ. ನೋಯೆಲೀನ್‌ನ ಕೇಳಿ.’

ಆ ಚಳಿಗಾಲ ಆಕೆ ಬಿಸಿ ಪೈ ತಿಂದಳು. ಕಿಟಕಿಯಾಚೆ ಹಿಮ ಹೊತ್ತ ಬೆಟ್ಟ ನೋಡುತ್ತ, ನಿಧಾನವಾಗಿ, ಕೊನೆಯ ಚೂರಿನವರೆಗೂ ತಿಂದಳು. ಅದನ್ನು ವ್ಯವಸ್ಥಾಪಕ ಹೇಮಿಶ್ ಕೂಡ ನೋಡಿದ. ಒಂದು ದಿನ ಕರೆದು, ಬಹಳ ನಯವಾಗಿ, ಪ್ರೋಗ್ರಾಮು ಅದ್ಭುತವಾಗಿದೆ, ಆದ್ದರಿಂದ ಆಕೆಯ ಹುದ್ದೆಯ ಅಗತ್ಯ ಇನ್ನಿಲ್ಲ ಎಂದ.

ನೋಯೆಲೀನ್ ಕುರ್ಚಿ ಎಳೆದು ಕೂತಳು. ಬಿಗುಮಾನ ಬಿಡಲಿಲ್ಲ.

“ಮೊದಲು ಆ ಅಚ್ಚುಗಳಿಂದ ನನ್ನ ಹೆಸರು ತೆಗೀರಿ, ಆಮೇಲೆ ನನ್ನ ತೆಗೆಯೋದು.”

ಹೇಮಿಶ್ ಅಲ್ಲೇ ಪ್ರಯತ್ನಿಸಿದ. ಪರದೆಯ ಮೇಲೆ ‘ಆಗಲ್ಲ. ನೋಯೆಲೀನ್‌ನ ಕೇಳಿ’ ಎಂದು ಬಂತು. ಆಕೆಗೆ ಗೆದ್ದೆನೆನ್ನಿಸಿ ಮುಖ ಅರಳಿತು.

“ಹೆಸರು ಇರ್ಲಿ ಬಿಡಿ,” ಎಂದ ಹೇಮಿಶ್. “ಹೆಸರಿಗೆ ಸಂಬಳ ಕೊಡ್ಬೇಕಾಗಿಲ್ವಲ್ಲ.”

ಬೀಳ್ಕೊಡುಗೆಯ ಚಹಾಕ್ಕೆ ಎಲ್ಲರೂ ಒಂದೊಂದು ತಟ್ಟೆ ತಿಂಡಿ ತರುವುದು ಅಲ್ಲಿನ ವಾಡಿಕೆ. ತನ್ನನ್ನು ಕಳಿಸಿಕೊಡುವ ಸಮಾರಂಭಕ್ಕೆ ಆಕೆಯೇ ಲ್ಯಾಮಿಂಗ್ಟನ್ ಕೇಕು ಮಾಡಿಕೊಂಡು ಹೋದಳು. ಚೆನ್ನಾಗಿದ್ದವಂತೆ.

ಆಮೇಲೆ ಓಪುನಾಕೆಯಲ್ಲಿ ಹಸು ಸಾಕಿದ್ದ ತಮ್ಮ ಕೆಲ್ವಿನ್‌ನ ಮನೆ ಸೇರಿದಳು. ವಸಂತ ಬಂದು, ಹಸುಗಳೆಲ್ಲ ಕರು ಹಾಕಿ, ಹಾಲು ಹಿಡಿಸಲಾರದಷ್ಟಾಯಿತು. ಕೆಲ್ವಿನ್ ಬ್ಯಾಂಕಿನ ಸಾಲ ಮಾಡಿ ಇನ್ನೊಂದು ತೊಟ್ಟಿ ತಂದು ನಿಲ್ಲಿಸಿದ. ಅದು ತುಂಬಿದ ಮೊದಲ ದಿನ ಟ್ಯಾಂಕರು ಬಂತು. ಡ್ರೈವರು ಹಳೆ ತೊಟ್ಟಿ ಬರಿದು ಮಾಡಿದ, ಹೊಸದರ ಮುಂದೆ ನಿಂತು ಕೈಯಲ್ಲಿದ್ದ ಯಂತ್ರ ಒತ್ತಿದ, ಮತ್ತೆ ಒತ್ತಿದ, ತಲೆಯಾಡಿಸಿದ.

“ಇದು ಒಪ್ಪಲ್ಲ ಅಂತಿದೆ ಗುರು. ದಾಖಲಾಗ್ದೆ ನಾನು ಹಾಲು ಮುಟ್ಟಂಗಿಲ್ಲ. ಯಾರೋ ನೋಯೆಲೀನ್ ಅಂತೆ, ಅವಳ್ನ ಕೇಳ್ಬೇಕಂತೆ. ಹಾಳಾದೋಳು ಎಲ್ಲಿ ಸತ್ತವ್ಳೋ!”

“ನಾನೇ,” ಎಂದಳು ನೋಯೆಲೀನ್.

ಡ್ರೈವರು ಟೊಪ್ಪಿ ತೆಗೆದ. “ತಪ್ಪು ತಿಳೀಬೇಡಿ ಅಮ್ಮ. ಹಂಗಾದ್ರೆ ಹ್ಞೂಂ ಅನ್ನಿ, ಕೆಲಸ ಮುಗೀತು.”

ಕೆಲ್ವಿನ್ ಅಕ್ಕನ ಮುಖ ನೋಡಿದ. ಹಿಂದಿನ ಸಂಜೆಯ ಹಾಲು, ಬೆಳಗಿನ ಹಾಲು, ಎರಡೂ ಆ ತೊಟ್ಟಿಯಲ್ಲಿದ್ದವು. ಮುಂದಿನ ಟ್ಯಾಂಕರು ಬರುವವರೆಗಿನ ಹಾಲಿಗೆ ಬರಿದಾದ ಹಳೆ ತೊಟ್ಟಿಯೊಂದೇ ಸಾಲುತ್ತಿರಲಿಲ್ಲ. ಆಕೆ ಮನಾಕಿಗೆ ಫೋನು ಹಚ್ಚಿದಳು.

“ಲೋ ಮನಾಕಿ, ಎರಡನೇ ತೊಟ್ಟಿಗೆ ಜಾಗ ಮಾಡೋ. ನಾನು ಒಪ್ಪಿದೀನಿ.”

“ನೀವು ಒಪ್ಪಿದ್ದು ಆ ಪ್ರೋಗ್ರಾಮಿಗೆ ಗೊತ್ತಾಗ್ಬೇಕಲ್ಲ, ಆಂಟಿ. ಕಂಪ್ಯೂಟರೊಳಗೆ ಬಂದು ಒಪ್ಪಬೇಕು. ಹೊರಟ ದಿನವೇ ನಿಮ್ಮ ಪಾಸ್‌ವರ್ಡ್ ಕಿತ್ತು ಹಾಕಿದ್ರು.”

“ಆ ಪ್ರೋಗ್ರಾಮನ್ನೇ ತಿದ್ದು ಮತ್ತೆ!”

“ಚೆನ್ನಾಗಿ ನಡೀತಿರೋದನ್ನ ಮುಟ್ಬೇಡ ಅಂದಿದಾನೆ ಹೇಮಿಶ್. ನಾನಂತೂ ಆಗ್ಲೇ ಕೇಳಿದ್ದೆ, ನೆನಪಿದ್ಯಾ?”

ನೆನಪಿತ್ತು. ಪೈಯ ರುಚಿ ಸಮೇತ ನೆನಪಿತ್ತು.

“ನನ್ನ ಹೆಸರು ಇದ್ಯಲ್ಲೋ ಅಲ್ಲಿ,” ಎಂದಳು. ದನಿ ಸಣ್ಣಗಾಗಿತ್ತು.

“ಎಲ್ಲ ಕಡೆ ಇದೆ, ಆಂಟಿ.”

ಟ್ಯಾಂಕರು ಹೊರಟುಹೋಯಿತು. ಕೆಲ್ವಿನ್ ಹೋಗಿ ಹೊಸ ತೊಟ್ಟಿಯ ಕೆಳಗಿನ ನಲ್ಲಿ ತಿರುಗಿಸಿದ. ಹಾಲು ಮೋರಿಗಿಳಿದು ಹುಲ್ಲುಗಾವಲಿನ ಕಡೆ ಹರಿಯಿತು. ನೋಯೆಲೀನ್ ಅಲ್ಲೇ ನಿಂತು, ಯಾರೂ ಕೇಳದಿದ್ದರೂ, “ಹ್ಞೂಂ” ಅಂದಳು.