ಬರಿದಾದ ಬಟ್ಟಲು

ಟಣ್, ಟಣ್. ಮೆಟ್ಟಿಲಿನ ಕಂಬಿಗೆ ಸೌಟು ಬಡಿದ ಸದ್ದು. ದರ್ಜಿ ಹೆಂಗಸು ಮಷೀನಿನ ಗಾಲಿಯನ್ನು ಅಂಗೈಯಿಂದ ತಡೆದಳು. ಅರ್ಧ ಹೊಲಿದ ಪ್ಯಾಂಟಿನ ಅಂಚು ಸೂಜಿಯ ಕೆಳಗೇ ಉಳಿಯಿತು. ಕೆಳಮನೆಯ ಅಜ್ಜಿ ಮತ್ತೆ ಕರೆಯುತ್ತಿದ್ದಾಳೆ! ತಿಂಗಳಿಂದ ಆ ಸೌಟು ಮೂಕವಾಗಿತ್ತು.

ಗಂಡ ಹೋದ ಮೇಲೆ ಹೊಟ್ಟೆಪಾಡಿಗೆಂದು ಈ ಪರದೇಶಕ್ಕೆ ಬಂದವಳಿಗೆ ಬೀದಿಯಲ್ಲಿ ತೆರೆದದ್ದು ಅದೊಂದೇ ಬಾಗಿಲು. ಅಜ್ಜಿ ಒಂದು ಕಾಲದಲ್ಲಿ ಬಸ್ಸು ಓಡಿಸಿದವಳು, ಮಾತಿಗೂ ಬ್ರೇಕಿಲ್ಲ. ಮೊದಲ ವಾರವೇ ಬಟ್ಟಲು ತುಂಬ ಬಿಸಿ ಸೂಪು ತಂದು ಕೈಗಿಟ್ಟಳು. ಬಂದ ಪಾತ್ರೆ ಬರಿದೇ ಹಿಂದೆ ಹೋಗಬಾರದು ಎಂದು ಕಲಿತು ಬೆಳೆದ ಇವಳು, ಅದು ಆರುವ ಮೊದಲೇ ಬಟ್ಟಲಿಗೆ ಸಿಹಿ ತುಂಬಿ ಮರಳಿಸಿದಳು. ಅಜ್ಜಿ ಕೊಟ್ಟಾಗಲೆಲ್ಲ ಇವಳೂ ತುಂಬಿದಳು. ಸಾಲದ್ದಕ್ಕೆ ಅಜ್ಜಿಯ ಕೋಟಿಗೆ ಹೊಸ ಅಸ್ತರನ್ನೂ ಹೊಲಿದಳು.

ಒಂದು ದಿನ ಅಜ್ಜಿ ಸಿಡಿದಳು. "ನಾನೇನು ಅಂಗಡಿ ಇಟ್ಟಿದ್ದೀನಾ? ಕೊಟ್ಟ ಕೂಡಲೇ ತೀರಿಸ್ತೀಯಲ್ಲ! ನನ್ನ ಹಂಗು ಒಂದು ರಾತ್ರಿ ನಿನ್ನ ಮನೇಲಿ ಉಳಿದ್ರೆ ಕಚ್ಚುತ್ತಾ?"

ಬಾಗಿಲು ಮುಚ್ಚಿತು.

ಇವಳಿಗೆ ಉರಿದುಹೋಯಿತು. ಆದರೆ ಉರಿ ಆರಿದ ಮೇಲೆ ನೆನಪಾದದ್ದು ಅಮ್ಮ. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಕಂಡವರ ಮನೆಯಲ್ಲಿ "ಈಗಷ್ಟೇ ಊಟ ಆಯ್ತು" ಎನ್ನುತ್ತಿದ್ದ ಅಮ್ಮ. ಆ ಸುಳ್ಳಿಗೇ ಮನೆಯವರೆಲ್ಲ ಮರ್ಯಾದೆ ಎಂದು ಹೆಸರಿಟ್ಟಿದ್ದರು.

ನಿನ್ನೆ ಸಂಜೆ ತಾನೇ ಕೆಳಗಿಳಿದು ಬಾಗಿಲು ತಟ್ಟಿದ್ದಳು. "ಅಜ್ಜಿ, ಹಸಿವಾಗ್ತಿದೆ." ಅಜ್ಜಿ ಅಂಚಿನವರೆಗೆ ಬಟ್ಟಲು ತುಂಬಿಸಿ ಕೊಟ್ಟಿದ್ದಳು.

ಈಗ ಅದೇ ಬಟ್ಟಲು ತರಲು ಒಳಗೆ ಹೋದರೆ, ಊರಿಂದ ಬಂದಿದ್ದ ಅತ್ತಿಗೆ ಆಗಲೇ ಅದಕ್ಕೆ ಉಂಡೆಗಳನ್ನು ಜೋಡಿಸುತ್ತಿದ್ದಳು. ಇವಳು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿದಳು.

"ಏನೇ ಇದು? ಬರೀ ಬಟ್ಟಲು ಹಿಡ್ಕೊಂಡು ಹೋಗ್ತೀಯಾ? ಮನೆತನದ ಗತಿ ಏನು?"

"ಮನೆತನ ಇಲ್ಲೇ ಮಹಡಿ ಮೇಲಿರ್ಲಿ, ಅತ್ತಿಗೆ. ನಾನು ಕೆಳಗೆ ಹೋಗ್ತೀನಿ."

"ತಿಂದು ತೇಗಿ ಬರಿಗೈಲಿ ಬಂದ್ಲು ಅಂತಾರೆ!"

"ತಿಂದಿದ್ದೂ ನಿಜ, ತೇಗಿದ್ದೂ ನಿಜ. ಅನ್ಲಿ."

"ಒಂದು ಹಿಡಿ ಸಕ್ಕರೆನಾದ್ರೂ ಹಾಕ್ಕೊಂಡು ಹೋಗೇ, ನಾಲ್ಕು ಜನ ನೋಡಿದ್ರೆ…"

ಆ ಮಾತು ಹೊಸ್ತಿಲು ದಾಟುವ ಮೊದಲೇ ಅವಳು ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಕವುಚಿ ಹಿಡಿದು, ಮೆಟ್ಟಿಲಿಳಿಯುತ್ತಿದ್ದಳು.